ಗರ್ಭಾವಸ್ಥೆಯ ಮಧುಮೇಹದ ನಂತರ ಪ್ರೊಬಯಾಟಿಕ್ ಕ್ಯಾಪ್ಸೂಲ್ ಬೇಕೇ, ಮನೆಯ ಮೊಸರು ಸಾಕೇ?

ಪ್ರಶ್ನೆ (ತುಂಗೆಯ ದಡ)

ನಮಸ್ಕಾರ. ನನಗೆ ಮೂವತ್ತೆರಡು ವರ್ಷ. ಮೊದಲ ಗರ್ಭದ ಏಳನೆಯ ತಿಂಗಳಿನಲ್ಲಿ ಗ್ಲೂಕೋಸ್ ನೀರು ಕುಡಿಸಿ ಮಾಡಿದ ಪರೀಕ್ಷೆಯಲ್ಲಿ ಎರಡು ಗಂಟೆಯ ನಂತರದ ಸಕ್ಕರೆ 168 ಬಂದದ್ದರಿಂದ ಗರ್ಭಾವಸ್ಥೆಯ ಮಧುಮೇಹವಿದೆ ಎಂದರು. ಊಟದಲ್ಲಿ ಬದಲಾವಣೆ ಮಾಡಿಕೊಂಡು, ಕೊನೆಯ ಕೆಲವು ವಾರ ಮೆಟ್‌ಫಾರ್ಮಿನ್ ನುಂಗಿ, ಹೆರಿಗೆಯವರೆಗೆ ಹೇಗೋ ನಿಭಾಯಿಸಿದೆ. ಹೆರಿಗೆಯ ಮರುದಿನ ನೋಡಿದಾಗ ಸಕ್ಕರೆ ಸರಿಯಾಗಿದ್ದುದರಿಂದ ಮಾತ್ರೆ ನಿಲ್ಲಿಸಿ, ಇನ್ನು ಚಿಂತೆಯಿಲ್ಲ ಎಂದು ಹೇಳಿ ಕಳುಹಿಸಿದರು. ಮಗುವಿಗೆ ಈಗ ಐದು ತಿಂಗಳು; ಹಾಲುಣಿಸುತ್ತಿದ್ದೇನೆ. ಈ ನಡುವೆ ನನಗೆ ಯಾವ ಪರೀಕ್ಷೆಯೂ ಆಗಿಲ್ಲ.

ನನ್ನ ನಾದಿನಿಗೂ ಇದೇ ತೊಂದರೆ ಇತ್ತು. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚಿದರೆ ಮುಂದೆ ಸಕ್ಕರೆ ಕಾಯಿಲೆ ಬರುವುದಿಲ್ಲವೆಂದು ಎಲ್ಲೋ ಓದಿ ಆಕೆ ಅಂಥ ಜೀವಂತ ಬ್ಯಾಕ್ಟೀರಿಯಾಗಳಿರುವ ಪ್ರೊಬಯಾಟಿಕ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾಳೆ. ನನಗೂ ಅದನ್ನೇ ಹೇಳುತ್ತಿದ್ದಾಳೆ. ಔಷಧ ಅಂಗಡಿಯಲ್ಲಿ ವಿಚಾರಿಸಿದಾಗ ನಾಲ್ಕೈದು ಬಗೆಯವನ್ನು ಮುಂದಿಟ್ಟರು, ಅವುಗಳ ಬೆಲೆಯಲ್ಲಿಯೂ ಅಜಗಜಾಂತರ. ತವರಿನಲ್ಲಿ ಮೂರು ತಿಂಗಳು ಬಾಣಂತನ ಮಾಡಿಸಿಕೊಂಡಾಗ ಶೀತವಾಗುತ್ತದೆಂದು ಅಮ್ಮ ಮೊಸರು, ಮಜ್ಜಿಗೆಗಳನ್ನು ಹತ್ತಿರಕ್ಕೂ ಬಿಡಲಿಲ್ಲ. ಈಗಷ್ಟೇ ಮತ್ತೆ ಶುರುಮಾಡಿದ್ದೇನೆ.

ನನ್ನ ಪ್ರಶ್ನೆಗಳು ಇವು. ಗರ್ಭಾವಸ್ಥೆಯ ಮಧುಮೇಹ ಬಂದು ಹೋದವರಿಗೆ ಪ್ರೊಬಯಾಟಿಕ್‌ನಿಂದ ನಿಜವಾಗಿ ಪ್ರಯೋಜನ ಇದೆಯೇ? ಇದ್ದರೆ ಕ್ಯಾಪ್ಸೂಲೇ ಆಗಬೇಕೇ, ಮನೆಯ ಮೊಸರು ಸಾಲದೇ? ಎರಡು ವರ್ಷದ ನಂತರ ಇನ್ನೊಂದು ಮಗು ಆಗಲಿ ಎಂಬ ಆಸೆಯಿದೆ. ಆಗಲೂ ಇದನ್ನು ಮುಂದುವರಿಸಬಹುದೇ?


ಉತ್ತರ (ಮೈಸೂರು ಫಿಸಿಷಿಯನ್)

ಕ್ಯಾಪ್ಸೂಲಿನ ವಿಚಾರ ತಿಳಿದವರು ಬರೆಯುತ್ತಾರೆ. ಅದಕ್ಕಿಂತ ಮೊದಲು ತಮ್ಮ ಪ್ರಶ್ನೆಯ ಮೊದಲ ಪ್ಯಾರಾದ ಕೊನೆಯ ವಾಕ್ಯದ ಬಗ್ಗೆ ಹೇಳಬೇಕು. ಹೆರಿಗೆಯ ಮರುದಿನದ ಸಕ್ಕರೆ ಸರಿಯಿದ್ದರೆ ಮಾತ್ರೆ ನಿಲ್ಲಿಸಬಹುದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಮುಂದೆ ಏನಾಗುತ್ತದೆ ಎಂಬುದಕ್ಕೆ ಅದು ಉತ್ತರ ಕೊಡುವುದಿಲ್ಲ. ಹೆರಿಗೆಯಾಗಿ 6 ವಾರವಾದ ಮೇಲೆ ಖಾಲಿ ಹೊಟ್ಟೆಯಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮತ್ತೊಮ್ಮೆ ಪರೀಕ್ಷಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೇ ಹೇಳುತ್ತದೆ. ಅಮೆರಿಕದ ಮಧುಮೇಹ ಸಂಘ ಇದೇ ಪರೀಕ್ಷೆಗೆ 4ರಿಂದ 12 ವಾರಗಳ ಅವಧಿಯನ್ನು ಕೊಟ್ಟಿದೆ, ಫಲಿತಾಂಶ ಸರಿಯಿದ್ದರೂ 1ರಿಂದ 3 ವರ್ಷಕ್ಕೊಮ್ಮೆ ಜೀವನಪೂರ್ತಿ ನೋಡುತ್ತಿರಬೇಕು ಎನ್ನುತ್ತದೆ. ಮಗುವಿಗೆ ಆರನೆಯ ವಾರದ ಲಸಿಕೆ ಹಾಕಿಸಲು ಹೇಗೂ ಆಸ್ಪತ್ರೆಗೆ ಹೋಗಲೇಬೇಕಾಗಿರುವುದರಿಂದ ತಾಯಿಯ ಪರೀಕ್ಷೆಯನ್ನು ಅದೇ ದಿನಕ್ಕೆ ಇಟ್ಟುಕೊಳ್ಳುವುದು ಸುಲಭ. ಆದರೆ ಆ ದಿನ ಎಲ್ಲರ ಕಣ್ಣೂ ಮಗುವಿನ ಮೇಲೆಯೇ ಇರುವುದರಿಂದ ತಾಯಿಯದು ತಪ್ಪಿಹೋಗುತ್ತದೆ. ತಮ್ಮದು ತಡವಾಗಿದೆ, ಆದರೆ ಕಾಲ ಮೀರಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಮ್ಮ ಊರಿನಲ್ಲೇ ಇದೆ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1990ರ ದಶಕದ ಕೊನೆಯಲ್ಲಿ ಗರ್ಭಿಣಿಯರಾಗಿದ್ದಾಗ ಪರೀಕ್ಷಿಸಿದ ತಾಯಂದಿರನ್ನು ಐದು ವರ್ಷಗಳ ನಂತರ ಮತ್ತೆ ಕರೆದು ನೋಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಗರ್ಭಾವಸ್ಥೆಯಲ್ಲಿ ಮಧುಮೇಹವಿದ್ದ ತಾಯಂದಿರಲ್ಲಿ ಶೇ 37ರಷ್ಟು ಮಂದಿ ಆ ಐದು ವರ್ಷದೊಳಗೆ ಮಧುಮೇಹಿಗಳಾಗಿದ್ದರು. ಆ ತೊಂದರೆ ಇಲ್ಲದೆ ಹೆತ್ತವರಲ್ಲಿ ಇದು ಶೇ 2 ಮಾತ್ರ. ಹೊಟ್ಟೆಯ ಸುತ್ತಳತೆ, ರಕ್ತದೊತ್ತಡ, ರಕ್ತದ ಕೊಬ್ಬಾದ ಟ್ರೈಗ್ಲಿಸರೈಡ್‌ಗಳೆಲ್ಲ ಒಟ್ಟಾಗಿ ಕೆಡುವ ಮೆಟಬಾಲಿಕ್ ಸಿಂಡ್ರೋಮ್ ಮೊದಲ ಗುಂಪಿನಲ್ಲಿ ಶೇ 60, ಎರಡನೆಯದರಲ್ಲಿ ಶೇ 26 ಇತ್ತು. ಮೊದಲ ಗುಂಪು ಚಿಕ್ಕದು, 35 ತಾಯಂದಿರದು, ಆದ್ದರಿಂದ ಶೇಕಡಾವಾರನ್ನು ಅಕ್ಷರಶಃ ಹಿಡಿಯಬಾರದು. ಆದರೆ 2020ರಲ್ಲಿ ಹಲವು ದೇಶಗಳ 20 ಅಧ್ಯಯನಗಳನ್ನು, ಅಂದರೆ 13 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು, ಒಟ್ಟುಗೂಡಿಸಿ ನೋಡಿದಾಗಲೂ ಅಪಾಯ ಸುಮಾರು ಹತ್ತು ಪಟ್ಟು ಹೆಚ್ಚು ಎಂದೇ ಬಂತು.

ಏಕೆ ಹೀಗಾಗುತ್ತದೆ ಎಂಬುದನ್ನು ತಿಳಿದರೆ ಮುಂದಿನ ಚರ್ಚೆ ಸುಲಭವಾಗುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾಸಿನಿಂದ ಬರುವ ಹಾರ್ಮೋನುಗಳು ಎಲ್ಲ ತಾಯಂದಿರಲ್ಲಿಯೂ ಇನ್ಸುಲಿನ್‌ನ ಪರಿಣಾಮವನ್ನು ಕುಗ್ಗಿಸುತ್ತವೆ. ಹೆಚ್ಚಿನವರ ಮೇದೋಜೀರಕ ಗ್ರಂಥಿ ಇನ್ಸುಲಿನ್ ಉತ್ಪಾದನೆಯನ್ನು ಹೆಚ್ಚಿಸಿ ಅದನ್ನು ಸರಿದೂಗಿಸುತ್ತದೆ; ಹಾಗೆ ಹೆಚ್ಚಿಸಲಾಗದವರಲ್ಲಿ ಸಕ್ಕರೆ ಏರುತ್ತದೆ. ಮಾಸು ಹೊರಬಿದ್ದೊಡನೆ ಒತ್ತಡ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ, ಗ್ರಂಥಿಯ ಸಾಮರ್ಥ್ಯದ ಮಿತಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ಮುಂದೆ ತೂಕ ಹೆಚ್ಚಿದಾಗ, ವಯಸ್ಸಾದಾಗ, ಇನ್ನೊಂದು ಗರ್ಭ ನಿಂತಾಗ ಅದು ಮತ್ತೆ ಗೋಚರಿಸುತ್ತದೆ.

ಇನ್ನೊಂದು ಎಚ್ಚರಿಕೆ. ಉಪವಾಸವೂ ಬೇಡ, ಎರಡು ಗಂಟೆ ಕಾಯುವುದೂ ಬೇಡ ಎಂದು ಕೆಲವರು, ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಒಂದನ್ನೇ ಮಾಡಿಸುತ್ತಾರೆ. ಹೆರಿಗೆಯಲ್ಲಿ ರಕ್ತ ಹೋಗಿರುವುದರಿಂದ ಮೊದಲ ಕೆಲವು ತಿಂಗಳು ಅದು ಇರುವುದಕ್ಕಿಂತ ಕಡಿಮೆ ತೋರಿಸಬಹುದು, ಕಬ್ಬಿಣಾಂಶದ ಕೊರತೆಯಿದ್ದರೆ ಹೆಚ್ಚು ತೋರಿಸಬಹುದು. ನಮ್ಮ ಬಾಣಂತಿಯರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂಬುದು ಗೊತ್ತೇ ಇದೆ. ಗ್ಲೂಕೋಸ್ ಪರೀಕ್ಷೆಯನ್ನೇ ಮಾಡಿಸಿ. ಅದರ ಜೊತೆಗೆ ರಕ್ತದೊತ್ತಡ, ಲಿಪಿಡ್ (ರಕ್ತದ ಕೊಬ್ಬು), ಹಿಮೋಗ್ಲೋಬಿನ್ ಇಷ್ಟನ್ನೂ ನೋಡಿಸಿ.


ಉತ್ತರ (ಸೂಕ್ಷ್ಮಾಣು)

ನಾನು ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಬೋಧಿಸುತ್ತೇನೆ, ವೈದ್ಯನಲ್ಲ. ತಮ್ಮ ಮೊದಲ ಪ್ರಶ್ನೆಯನ್ನು ಎರಡಾಗಿ ಒಡೆದು ಉತ್ತರಿಸಬೇಕಾಗುತ್ತದೆ, ಏಕೆಂದರೆ ಗರ್ಭಿಣಿಯರಲ್ಲಿ ನಡೆದ ಪ್ರಯೋಗಗಳನ್ನೂ ಹೆರಿಗೆಯ ನಂತರದ ಪ್ರಯೋಗಗಳನ್ನೂ ಒಂದಾಗಿ ಬೆರೆಸಿದ ಬರಹಗಳೇ ಅಂತರ್ಜಾಲದಲ್ಲಿ ಹೆಚ್ಚಾಗಿವೆ.

ಗರ್ಭಾವಸ್ಥೆಯ ಮಧುಮೇಹವನ್ನು ತಡೆಯಬಹುದೇ ಎಂಬುದರ ಬಗ್ಗೆ ಮೊದಲ ಉತ್ಸಾಹ ಹುಟ್ಟಿಸಿದ್ದು ಫಿನ್ಲೆಂಡಿನ ತುರ್ಕು ನಗರದ 256 ಗರ್ಭಿಣಿಯರ ಅಧ್ಯಯನ. ಅದು 2010ರಲ್ಲಿ ಪ್ರಕಟವಾಯಿತು. ಆಹಾರ ಸಲಹೆಯ ಜೊತೆಗೆ ಪ್ರೊಬಯಾಟಿಕ್ ಪಡೆದವರಲ್ಲಿ ಶೇ 13ರಷ್ಟು ಮಂದಿಗೆ ಮಧುಮೇಹ ಬಂತು. ಅದೇ ಸಲಹೆಯ ಜೊತೆಗೆ, ಹೋಲಿಕೆಗೆಂದು ಕೊಡುವ ಬ್ಯಾಕ್ಟೀರಿಯಾ ಇಲ್ಲದ ಹುಸಿ ಕ್ಯಾಪ್ಸೂಲ್ ಪಡೆದವರಲ್ಲಿ ಶೇ 36. ಸಂಖ್ಯೆ ಬೆರಗು ಹುಟ್ಟಿಸುವಂಥದ್ದೇ. ಆದರೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಹೆಚ್ಚು ತೂಕವಿದ್ದ 411 ಗರ್ಭಿಣಿಯರ ಮೇಲೆ, ಬಹುಪಾಲು ಅದೇ ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಟ್ಟು ನಡೆಸಿದ ಸ್ಪ್ರಿಂಗ್ ಎಂಬ ಪ್ರಯೋಗ 2019ರಲ್ಲಿ ಪ್ರಕಟವಾದಾಗ ಚಿತ್ರ ತಲೆಕೆಳಗಾಯಿತು. ಅಲ್ಲಿ ಪ್ರೊಬಯಾಟಿಕ್ ಗುಂಪಿನಲ್ಲಿ ಶೇ 18.4, ಹುಸಿ ಕ್ಯಾಪ್ಸೂಲಿನ ಗುಂಪಿನಲ್ಲಿ ಶೇ 12.3 ಮಂದಿಗೆ ಮಧುಮೇಹ ಬಂತು. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದಾದರೂ, ತಡೆಯುತ್ತದೆ ಎಂದು ಹೇಳುವ ಆಧಾರವಂತೂ ಉಳಿಯಲಿಲ್ಲ. ನ್ಯೂಜಿಲೆಂಡಿನಲ್ಲಿ ಬೇರೊಂದು ತಳಿಯನ್ನು ಕೊಟ್ಟಾಗ, ಹಿಂದಿನ ಗರ್ಭದಲ್ಲಿ ಮಧುಮೇಹವಿದ್ದವರಲ್ಲಿ ಮತ್ತು 35 ದಾಟಿದವರಲ್ಲಿ ಸ್ವಲ್ಪ ಅನುಕೂಲ ಕಂಡಿತು. ತಳಿ ಬೇರೆ, ಜನ ಬೇರೆ, ಊಟ ಬೇರೆ, ಮಧುಮೇಹವೆಂದು ಕರೆಯುವ ಮಟ್ಟವೂ ಬೇರೆ, ಫಲವೂ ಬೇರೆ.

ಈಗ ತಾವಿರುವ ಘಟ್ಟಕ್ಕೆ ಬರೋಣ. ಗರ್ಭಾವಸ್ಥೆಯ ಮಧುಮೇಹ ಬಂದು ಹೋದ ಮಹಿಳೆಯರಲ್ಲಿಯೇ ಪ್ರೊಬಯಾಟಿಕ್ ಪ್ರಯೋಗಿಸಿ ನೋಡಿದ, ನೇರವಾಗಿ ತಮಗೆ ಅನ್ವಯಿಸಬಹುದಾದ ಕೆಲಸ ಮಲೇಷ್ಯಾದಲ್ಲಿ ನಡೆದಿದೆ. 132 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಲವು ತಳಿಗಳ ಲ್ಯಾಕ್ಟೋಬ್ಯಾಸಿಲಸ್ ಮತ್ತು ಬೈಫಿಡೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾಗಳ ಮಿಶ್ರಣವನ್ನೂ ಇನ್ನೊಂದಕ್ಕೆ ಹುಸಿ ಪುಡಿಯನ್ನೂ 12 ವಾರ ಕೊಟ್ಟರು. ಪ್ರೊಬಯಾಟಿಕ್ ಪಡೆದವರಲ್ಲಿ ಖಾಲಿ ಹೊಟ್ಟೆಯ ಗ್ಲೂಕೋಸ್, ಎಚ್‌ಬಿಎ1ಸಿ, ಒಟ್ಟು ಕೊಲೆಸ್ಟರಾಲ್ ಮತ್ತು ಉರಿಯೂತದ ಗುರುತಾದ ಸಿಆರ್‌ಪಿ ಸ್ವಲ್ಪ ಉತ್ತಮಗೊಂಡವು. ಕರುಳಿನ ಬ್ಯಾಕ್ಟೀರಿಯಾಗಳ ಸಂಯೋಜನೆಯಲ್ಲಿಯೂ ಬದಲಾವಣೆ ಕಾಣಿಸಿತು. ಗ್ಲೂಕೋಸಿನ ಇಳಿಕೆ ಕೆಲವೇ ಮಿಲಿಗ್ರಾಂ. ಇಷ್ಟು ಏರಿಳಿತ ಹಿಂದಿನ ರಾತ್ರಿಯ ನಿದ್ದೆಯಿಂದಲೂ ಆಗಬಹುದು ಎಂದು ಒಬ್ಬೊಬ್ಬರ ವಿಷಯದಲ್ಲಿ ಹೇಳಬಹುದಾದರೂ, ಗುಂಪಿನ ಸರಾಸರಿಯಲ್ಲಿ ಕಂಡದ್ದನ್ನು ಹಾಗೆ ತಳ್ಳಿಹಾಕಲಾಗದು. ನನ್ನ ದೃಷ್ಟಿಯಲ್ಲಿ ಇದು ಮುಂದಿನ ದೊಡ್ಡ ಪ್ರಯೋಗವನ್ನು ನಡೆಸಲು ಸಾಕಾಗುವ ಕಾರಣ, ಪ್ರತಿ ಬಾಣಂತಿಗೂ ಬರೆದುಕೊಡಲು ಸಾಲದ ಕಾರಣ. 12 ವಾರದ ಅಧ್ಯಯನವೊಂದು ಐದು ಹತ್ತು ವರ್ಷದ ನಂತರ ಬರುವ ಕಾಯಿಲೆಯ ಬಗ್ಗೆ ಏನನ್ನೂ ಹೇಳಲಾರದು.

ಕೆಲಸ ಮಾಡುವ ಬಗೆಯಂತೂ ಕಟ್ಟುಕಥೆಯಲ್ಲ. ನಮಗೆ ಜೀರ್ಣವಾಗದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಪಳಿಯ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಅವು ಕರುಳಿನ ಒಳಪದರವನ್ನು ಗಟ್ಟಿಯಾಗಿಡುತ್ತವೆ, ಇನ್ಸುಲಿನ್ ಬಿಡುಗಡೆಗೆ ನೆರವಾಗುವ ಜಿಎಲ್‌ಪಿ-1 ಹಾರ್ಮೋನನ್ನು ಪ್ರಚೋದಿಸುತ್ತವೆ. ಒಳಪದರ ಸಡಿಲವಾದರೆ ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದ ತುಣುಕುಗಳು ರಕ್ತಕ್ಕೆ ಸೇರಿ, ಸಣ್ಣ ಪ್ರಮಾಣದ, ಬಿಡದ ಉರಿಯೂತವನ್ನು ಉಂಟುಮಾಡಿ, ಇನ್ಸುಲಿನ್‌ಗೆ ಅಂಗಾಂಶಗಳು ಸ್ಪಂದಿಸುವುದನ್ನು ಕುಗ್ಗಿಸುತ್ತವೆ. ಇಲ್ಲಿ ಗಮನಿಸಬೇಕಾದದ್ದು ನಾರಿನ ಪಾತ್ರ. ಹೊರಗಿನಿಂದ ನುಂಗಿದ ಬ್ಯಾಕ್ಟೀರಿಯಾಗಳು ಹೆಚ್ಚಿನವರ ಕರುಳಿನಲ್ಲಿ ನೆಂಟರಂತೆ ಕೆಲವು ದಿನ ಇದ್ದು ಹೋಗುತ್ತವೆ, ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಉಳಿಯುವುದಿಲ್ಲ. ಅಲ್ಲಿಯೇ ನೆಲೆಸಿರುವವಕ್ಕೆ ಆಹಾರ ಕೊಡುವುದು ಕಾಳು, ಸೊಪ್ಪು, ತರಕಾರಿ, ತೌಡು ತೆಗೆಯದ ಧಾನ್ಯ.

ಅಂಗಡಿಯವರು ಮುಂದಿಟ್ಟ ನಾಲ್ಕೈದು ಬಗೆಗಳಲ್ಲಿ ಏನಿದೆಯೆಂದು ಲೇಬಲ್ ಓದಿದರೆ ಇನ್ನೊಂದು ತೊಡಕು ತಿಳಿಯುತ್ತದೆ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವವುಗಳಲ್ಲಿ ಹಲವು ಬ್ಯಾಸಿಲಸ್ ಕ್ಲಾಸಿಯೈ ಎಂಬ ಬ್ಯಾಕ್ಟೀರಿಯಾ ಅಥವಾ ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್ ಇರುವಂಥವು. ಇವು ಭೇದಿಗೆ, ಆಂಟಿಬಯಾಟಿಕ್ ಜೊತೆಗೆ ಕೊಡುವಂಥವು. ಅವುಗಳಿಂದ ಸಕ್ಕರೆ ಇಳಿಯುತ್ತದೆ ಎಂದು ನಿರೀಕ್ಷಿಸಲು ಮೇಲಿನ ಯಾವ ಅಧ್ಯಯನವೂ ಆಧಾರವಲ್ಲ. ಪ್ರೊಬಯಾಟಿಕ್ ಎಂಬುದು ಒಂದೇ ಔಷಧದ ಹೆಸರಾಗಿರದೆ ಒಂದು ವರ್ಗದ ಹೆಸರಾಗಿರುವುದರಿಂದ, ತಳಿಯ ಸಂಖ್ಯೆಯವರೆಗೆ ಹೆಸರು ಬರೆದಿರದ ಡಬ್ಬಿಯ ಮೇಲೆ ಹಣ ಹಾಕುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.


ಉತ್ತರ (ಹುಬ್ಬಳ್ಳಿ ಹುಡುಗ)

ಮೇಲಿನ ಉತ್ತರಗಳು ವಿದ್ವತ್ಪೂರ್ಣವಾಗಿವೆ, ಆದರೆ ಒಂದು ಸರಳ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಪ್ರೊಬಯಾಟಿಕ್‌ನಿಂದ ಅಪಾಯವಿಲ್ಲ ಎಂದೇ ಎಲ್ಲರೂ ಹೇಳುತ್ತಾರೆ, ಮಲೇಷ್ಯಾದ ಅಧ್ಯಯನದಲ್ಲಿ ಸ್ವಲ್ಪವಾದರೂ ಅನುಕೂಲ ಕಂಡಿದೆ ಎಂದೂ ತಾವೇ ಬರೆದಿದ್ದೀರಿ. ಹಾಗಿದ್ದ ಮೇಲೆ ತೆಗೆದುಕೊಂಡರೆ ನಷ್ಟವೇನು? ನನ್ನ ಪತ್ನಿಗೂ ಇದೇ ಸಮಸ್ಯೆಯಿತ್ತು. ಕ್ಯಾಪ್ಸೂಲ್ ಶುರುಮಾಡಿದ ಮೇಲೆ ಆಕೆಯ ಹೊಟ್ಟೆಯುಬ್ಬರ ಕಡಿಮೆಯಾಯಿತು, ಸಕ್ಕರೆಯೂ ಸರಿಯಿದೆ. ದೊಡ್ಡ ಪ್ರಯೋಗ ಮುಗಿಯುವವರೆಗೆ ಕಾಯುತ್ತ ಕುಳಿತರೆ ಅಷ್ಟರಲ್ಲಿ ಕಾಯಿಲೆಯೇ ಬಂದಿರುತ್ತದೆ.


ಉತ್ತರ (ಸೂಕ್ಷ್ಮಾಣು)

ಆಕ್ಷೇಪ ನ್ಯಾಯವಾದದ್ದು. ಗರ್ಭಿಣಿಯಲ್ಲದ, ಆರೋಗ್ಯವಂತ, ಹಾಲುಣಿಸುವ ತಾಯಿಗೆ ಸಾಮಾನ್ಯ ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂಗಳಿಂದ ತೊಂದರೆಯಾಗುವುದು ತೀರ ಅಪರೂಪ. ಹಾಗಾಗಿ ತಮ್ಮ ಪತ್ನಿ ತೆಗೆದುಕೊಂಡದ್ದರಲ್ಲಿ ತಪ್ಪಿಲ್ಲ. ರೋಗನಿರೋಧಕ ಶಕ್ತಿ ತೀರ ಕುಂದಿದವರು, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡು ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು. ಆದರೆ ಅಪಾಯವಿಲ್ಲ ಎಂಬ ಮಾತನ್ನು ಗರ್ಭಿಣಿಯರಿಗೂ ಹಾಗೆಯೇ ಅನ್ವಯಿಸಲಾಗದು. ಪ್ರಶ್ನೆ ಕೇಳಿದವರು ಎರಡನೆಯ ಮಗುವಿನ ಬಗ್ಗೆಯೂ ಕೇಳಿದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವ ಕೊಕ್ರೇನ್ ಸಂಸ್ಥೆ 2021ರಲ್ಲಿ, ಗರ್ಭಾವಸ್ಥೆಯ ಮಧುಮೇಹ ತಡೆಯಲು ಪ್ರೊಬಯಾಟಿಕ್ ಕೊಟ್ಟ 7 ಪ್ರಯೋಗಗಳನ್ನು, ಒಟ್ಟು 1,647 ಮಹಿಳೆಯರನ್ನು, ಒಟ್ಟಿಗೆ ಪರಿಶೀಲಿಸಿತು. ಮಧುಮೇಹ ತಡೆಯುವ ವಿಷಯದಲ್ಲಿ ಖಚಿತ ಉತ್ತರ ಸಿಗಲಿಲ್ಲ. ಆದರೆ ಪ್ರಿಎಕ್ಲಾಂಪ್ಸಿಯ, ಅಂದರೆ ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಮೂತ್ರಪಿಂಡ, ಯಕೃತ್ತುಗಳಿಗೂ ತೊಂದರೆಯಾಗುವ ಸ್ಥಿತಿ, ಪ್ರೊಬಯಾಟಿಕ್ ಪಡೆದವರಲ್ಲಿ ಸುಮಾರು 1.85 ಪಟ್ಟು ಹೆಚ್ಚಾಗಿತ್ತು. ಬ್ರಿಸ್ಬೇನ್ ಪ್ರಯೋಗದಲ್ಲಿಯೂ ಇದು ಶೇ 9.2 ಮತ್ತು ಶೇ 4.9 ಎಂದಿತ್ತು. ಕಾರಣ ಸ್ಪಷ್ಟವಾಗಿಲ್ಲ, ಎಲ್ಲ ತಳಿಗಳಿಗೂ ಇದು ಅನ್ವಯಿಸಬೇಕೆಂದೂ ಇಲ್ಲ. ಆದರೂ ಪ್ರಯೋಜನ ಸಾಬೀತಾಗದ, ಹಾನಿಯ ಸೂಚನೆ ಇರುವ ವಸ್ತುವನ್ನು ಸಕ್ಕರೆಯ ಹೆಸರಿನಲ್ಲಿ ಗರ್ಭಿಣಿಯೊಬ್ಬಳು ತಾನಾಗಿಯೇ ಕೊಂಡು ತಿನ್ನುವುದನ್ನು ನಾನಂತೂ ಒಪ್ಪಲಾರೆ. ಇನ್ನೊಂದು ಮಗುವಿಗಾಗಿ ಪ್ರಯತ್ನಿಸುವ ಹೊತ್ತಿಗೆ ಕ್ಯಾಪ್ಸೂಲ್ ನಿಲ್ಲಿಸಿ, ಬೇಕೇ ಬೇಡವೇ ಎಂಬುದನ್ನು ಪ್ರಸೂತಿ ತಜ್ಞರ ಜೊತೆ ನಿರ್ಧರಿಸಿ. ಇದು ಮೊಸರಿಗೆ ಅನ್ವಯಿಸುವ ಮಾತಲ್ಲ. ಗರ್ಭಿಣಿಯರು ಮೊಸರು ಬಿಡಬೇಕಿಲ್ಲ.

ಇನ್ನು ನಷ್ಟವೇನು ಎಂಬ ಪ್ರಶ್ನೆ. ಹಣದ ನಷ್ಟವನ್ನು ಬದಿಗಿಟ್ಟರೂ, ಏನೋ ಒಂದನ್ನು ತೆಗೆದುಕೊಳ್ಳುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಪರೀಕ್ಷೆಯನ್ನು ಮುಂದೂಡುವವರನ್ನು ನನ್ನ ಬಂಧುವರ್ಗದಲ್ಲಿಯೇ ನೋಡಿದ್ದೇನೆ. ತಮ್ಮ ಪತ್ನಿಯ ಸಕ್ಕರೆ ಸರಿಯಿದೆ ಎಂದಿರಿ, ಸಂತೋಷ. ಅದು ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರ ನೋಡಿದ್ದೋ, ಬರಿಯ ಖಾಲಿ ಹೊಟ್ಟೆಯದ್ದೋ ಎಂಬುದನ್ನು ದಯವಿಟ್ಟು ನೋಡಿ. ಖಾಲಿ ಹೊಟ್ಟೆಯದು ಸರಿಯಿದ್ದು ಎರಡು ಗಂಟೆಯದು ಏರಿರುವುದು ಭಾರತೀಯರಲ್ಲಿ ಸಾಮಾನ್ಯ.


ಉತ್ತರ (ತಂಬುಳಿ)

ನಾನು ಆಹಾರ ಸಲಹೆಗಾರ್ತಿ, ಊರು ಸಾಗರದ ಕಡೆ. ಮೊಸರು ಸಾಲದೇ ಎಂಬ ಪ್ರಶ್ನೆಯನ್ನು ನನಗೆ ಬಿಟ್ಟುಕೊಟ್ಟಂತಿದೆ.

ಶಾಸ್ತ್ರದ ಲೆಕ್ಕದಲ್ಲಿ ಪ್ರೊಬಯಾಟಿಕ್ ಎನ್ನಿಸಿಕೊಳ್ಳಲು ಜೀವಂತ ಸೂಕ್ಷ್ಮಜೀವಿಗಳಿದ್ದರೆ ಸಾಲದು. ಅವು ಯಾವ ತಳಿ, ಎಷ್ಟು ಸಂಖ್ಯೆ, ಯಾವ ಪ್ರಯೋಜನ ಎಂಬುದು ಸಾಬೀತಾಗಿರಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ದಿನಕ್ಕೆ ತೆಗೆದುಕೊಳ್ಳುವ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ಮನೆಯ ಹೆಪ್ಪಿನಲ್ಲಿ ಒಂದು ಬಟ್ಟಲಿಗೆ ಅದಕ್ಕಿಂತ ಹೆಚ್ಚೇ ಇರಬಹುದು, ಆದರೆ ಯಾವ ತಳಿಗಳು ಇವೆ ಎಂಬುದು ಮನೆಯಿಂದ ಮನೆಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಮೊಸರಿನಲ್ಲಿ ಸಾಮಾನ್ಯವಾಗಿರುವ ಬ್ಯಾಕ್ಟೀರಿಯಾಗಳಲ್ಲಿ ಹಲವು ಜಠರದ ಆಮ್ಲವನ್ನೂ ಪಿತ್ತರಸವನ್ನೂ ದಾಟಿ ದೊಡ್ಡ ಕರುಳಿನವರೆಗೆ ಬದುಕಿರುವುದು ಕಷ್ಟ. ಹೀಗಾಗಿ ಮೊಸರನ್ನು ಕ್ಯಾಪ್ಸೂಲಿಗೆ ಬದಲಿ ಎಂದು ಹೇಳಲು ನನ್ನಿಂದಾಗದು. ಮೊಸರಿಗೆ ಅದರದೇ ಆದ ಬಲವಿದೆ: ಪ್ರೊಟೀನ್, ಕ್ಯಾಲ್ಸಿಯಂ, ಸಸ್ಯಾಹಾರಿಗಳಿಗೆ ಬಿ12, ಅನ್ನದ ಜೊತೆ ತಿಂದಾಗ ಸಕ್ಕರೆ ಒಮ್ಮೆಲೇ ಏರದಂತೆ ನಿಧಾನಿಸುವ ಗುಣ. ಕ್ಯಾಪ್ಸೂಲಿನಲ್ಲಿ ಇವೊಂದೂ ಇಲ್ಲ.

ಹುದುಗಿಸಿದ್ದೆಲ್ಲ ಪ್ರೊಬಯಾಟಿಕ್ ಎಂಬ ಮಾತನ್ನು ಈಚೆಗೆ ಬಹಳ ಕೇಳುತ್ತೇವೆ. ಇಡ್ಲಿ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾಗಳು ಸಾಕಷ್ಟಿವೆ, ಆದರೆ ಇಡ್ಲಿಯಲ್ಲಿ ಇಲ್ಲ; ಹಬೆಯಲ್ಲಿ ಬೆಂದ ಮೇಲೆ ಉಳಿಯುವುದು ಅವು ಮಾಡಿಟ್ಟ ರುಚಿ ಮತ್ತು ಮೃದುತ್ವ. ಮಜ್ಜಿಗೆಹುಳಿಯನ್ನು ಕುದಿಸಿದರೆ ಅದರ ಕಥೆಯೂ ಅಷ್ಟೆ. ಮಲೆನಾಡಿನ ತಂಬುಳಿ ಇಲ್ಲಿ ವಿಶೇಷ, ನನ್ನ ಹೆಸರಿನ ಮೋಹದಿಂದ ಹೇಳುತ್ತಿಲ್ಲ: ಸೊಪ್ಪನ್ನು ಬಾಡಿಸಿ, ತೆಂಗಿನಕಾಯಿಯ ಜೊತೆ ರುಬ್ಬಿ, ಆರಿದ ಮೇಲೆ ಮಜ್ಜಿಗೆ ಬೆರೆಸುವುದರಿಂದ ಜೀವಂತ ಬ್ಯಾಕ್ಟೀರಿಯಾಗಳೂ ಸೊಪ್ಪಿನ ನಾರೂ ಒಂದೇ ಬಟ್ಟಲಿನಲ್ಲಿ ಸಿಗುತ್ತವೆ. ಒಂದೆಲಗ, ದೊಡ್ಡಪತ್ರೆ, ಯಾವುದಾದರೂ ಸರಿ. ಅದಕ್ಕೆ ಅನ್ನದ ರಾಶಿ ಹಾಕಿಕೊಂಡರೆ ಲಾಭ ಅಲ್ಲಿಗೇ ಮುಗಿಯಿತು. ರಾಗಿ ಅಂಬಲಿ ತಣಿದ ಮೇಲೆ ಮಜ್ಜಿಗೆ ಸೇರಿಸಿ ಕುಡಿಯುವುದೂ ಒಳ್ಳೆಯದು. ಆದರೆ ತೆಳ್ಳಗೆ ಕುದಿಸಿದ ರಾಗಿ ಹಿಟ್ಟು ಸಕ್ಕರೆಯನ್ನು ಬೇಗ ಏರಿಸಬಲ್ಲದು, ದೊಡ್ಡ ಲೋಟದಷ್ಟು ಬೇಡ.

ಬಾಣಂತನದ ಊಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಮನಸ್ಸು ತಡೆಯದು. ಮೊಸರಿನಿಂದ ಬಾಣಂತಿಗೆ ಶೀತವಾಗುತ್ತದೆ, ಹಾಲಿನ ಮೂಲಕ ಮಗುವಿಗೂ ತಗಲುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಆದರೆ ಅಮ್ಮಂದಿರ ಜೊತೆ ಅದೇ ವಿಷಯಕ್ಕೆ ಜಗಳವಾಡುವುದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಗರ್ಭಾವಸ್ಥೆಯಲ್ಲಿ ಸಕ್ಕರೆಯಿಂದ ಕಟ್ಟುನಿಟ್ಟಾಗಿ ದೂರವಿದ್ದವಳಿಗೆ ಹೆರಿಗೆಯಾದ ಕೂಡಲೇ ಬೆಲ್ಲದ ಪಾಕದ ಅಂಟಿನುಂಡೆ, ಕೊಬ್ಬರಿ, ಲೇಹ್ಯ, ಊಟಕ್ಕೆ ಎರಡೆರಡು ಬಾರಿ ತುಪ್ಪದನ್ನ ಕೊಟ್ಟು, ತರಕಾರಿ ನಂಜು ಎಂದು ತಟ್ಟೆಯಿಂದ ತೆಗೆದು, ಮೂರು ತಿಂಗಳು ಮಲಗಿಸಿಡುತ್ತಾರೆ. ಗರ್ಭದಲ್ಲಿ ಏರಿದ ತೂಕ ಇಳಿಯಬೇಕಾದ ಕಾಲದಲ್ಲಿ ಇನ್ನಷ್ಟು ಏರುತ್ತದೆ. ಅಂಟು, ಮೆಂತ್ಯ, ಒಣಹಣ್ಣುಗಳಲ್ಲಿ ದೋಷವಿಲ್ಲ, ಬೆಲ್ಲದ ಪ್ರಮಾಣದಲ್ಲಿದೆ. ಕಾಳುಮೆಣಸಿನ ಸಾರಿಗೆ ಹೆಸರುಬೇಳೆ ಹೆಚ್ಚು ಹಾಕಿ, ನುಗ್ಗೆಸೊಪ್ಪು, ಸಬ್ಬಸಿಗೆ ಸೊಪ್ಪು ಸೇರಿಸಿ ಅಂದರೆ ಯಾವ ಅಜ್ಜಿಯೂ ಬೇಡವೆನ್ನುವುದಿಲ್ಲ. ಇವು ಹಾಲು ಹೆಚ್ಚಿಸುತ್ತವೆ ಎಂದು ಅವರೇ ನಂಬುತ್ತಾರೆ.

ಹಾಲುಣಿಸುವುದನ್ನು ಮುಂದುವರಿಸಿ. ಕ್ಯಾಲಿಫೋರ್ನಿಯಾದಲ್ಲಿ ಗರ್ಭಾವಸ್ಥೆಯ ಮಧುಮೇಹವಿದ್ದ ಸುಮಾರು ಸಾವಿರ ತಾಯಂದಿರನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. 10 ತಿಂಗಳಿಗಿಂತ ಹೆಚ್ಚು ಕಾಲ ಹಾಲುಣಿಸಿದವರಲ್ಲಿ ಮಧುಮೇಹ ಬರುವ ಸಾಧ್ಯತೆ ಎರಡು ತಿಂಗಳೊಳಗೆ ನಿಲ್ಲಿಸಿದವರಿಗಿಂತ ಅರ್ಧಕ್ಕೂ ಕಡಿಮೆಯಿತ್ತು. ಹಾಲುಣಿಸಲು ಸಾಧ್ಯವಾದವರು ಮೊದಲೇ ಹೆಚ್ಚು ಆರೋಗ್ಯವಂತರಾಗಿದ್ದಿರಬಹುದು ಎಂಬ ಅನುಮಾನವನ್ನು ಇಂಥ ಅಧ್ಯಯನ ಪೂರ್ತಿ ನಿವಾರಿಸುವುದಿಲ್ಲ. ಆದರೂ ಯಾವ ಪ್ರೊಬಯಾಟಿಕ್ ಡಬ್ಬಿಗಿಂತಲೂ ಇದರ ಆಧಾರ ಗಟ್ಟಿಯಾಗಿದೆ.


ಉತ್ತರ (ಮೈಸೂರು ಫಿಸಿಷಿಯನ್)

ತಂಬುಳಿಯವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಮಧುಮೇಹ ತಡೆಯುವ ಬಗ್ಗೆ ಅಮೆರಿಕದಲ್ಲಿ ನಡೆದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ಪ್ರಯೋಗದಲ್ಲಿ ಹಿಂದೆ ಗರ್ಭಾವಸ್ಥೆಯ ಮಧುಮೇಹವಿದ್ದ 350 ಮಹಿಳೆಯರಿದ್ದರು. ಶೇ 7ರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು ಎಂಬ ಗುರಿಯಿಟ್ಟುಕೊಂಡವರಲ್ಲಿ ಮಧುಮೇಹ ಬರುವುದು ಸುಮಾರು ಶೇ 53ರಷ್ಟು, ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಶೇ 50ರಷ್ಟು ಕಡಿಮೆಯಾಯಿತು. ಆದರೆ ಆ ಮಹಿಳೆಯರು ಹೆತ್ತು ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು, ಅವರೆಲ್ಲರೂ ಮಧುಮೇಹದ ಹೊಸ್ತಿಲಲ್ಲಿದ್ದವರು. ಭಾರತ, ಬಾಂಗ್ಲಾದೇಶ, ಶ್ರೀಲಂಕಾಗಳಲ್ಲಿ ಇತ್ತೀಚೆಗಷ್ಟೇ ಹೆತ್ತ 1,823 ತಾಯಂದಿರಲ್ಲಿ ಒಂದು ಗುಂಪಿಗೆ ಜೀವನಶೈಲಿಯ ತರಬೇತಿ ಕೊಟ್ಟು ನೋಡಿದ ಲಿವಿಂಗ್ ಎಂಬ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಸಕ್ಕರೆಯ ಸ್ಥಿತಿ ಹದಗೆಟ್ಟವರು ತರಬೇತಿ ಪಡೆದವರಲ್ಲಿ ಶೇ 25.5, ಪಡೆಯದವರಲ್ಲಿ ಶೇ 27.1, ಅಂದರೆ ವ್ಯತ್ಯಾಸವೇ ಇಲ್ಲವೆನ್ನಬೇಕು. ಕೋವಿಡ್ ಕಾಲದ ಅಡ್ಡಿಗಳೂ ಅದರಲ್ಲಿದ್ದವು. ಎಳೆಯ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡವಳಿಗೆ ನಡೆ, ತೂಕ ಇಳಿಸು ಎಂದು ಚೀಟಿ ಬರೆದುಕೊಡುವ ನಮ್ಮಂಥವರು ಈ ಫಲಿತಾಂಶವನ್ನು ನೆನಪಿಟ್ಟುಕೊಳ್ಳಬೇಕು. ದಿನಕ್ಕೆ ಅರ್ಧ ಗಂಟೆ ಮಗುವನ್ನು ಎತ್ತಿಕೊಳ್ಳುವ ಇನ್ನೊಬ್ಬರು ಮನೆಯಲ್ಲಿಲ್ಲದಿದ್ದರೆ ಆ ಸಲಹೆ ಕಾಗದದಲ್ಲಿಯೇ ಉಳಿಯುತ್ತದೆ.

ಪರೀಕ್ಷೆಯಲ್ಲಿ ಎರಡು ಗಂಟೆಯ ಸಕ್ಕರೆ 140ರಿಂದ 199ರ ನಡುವೆ ಬಂದರೆ ವರ್ಷಕ್ಕೊಮ್ಮೆ ನೋಡುತ್ತಿರಬೇಕು, ಮೆಟ್‌ಫಾರ್ಮಿನ್ ಬೇಕೇ ಎಂದು ಚರ್ಚಿಸಬೇಕು. ಹಾಲುಣಿಸುವಾಗಲೂ ಅದನ್ನು ಕೊಡಬಹುದು. ಖಾಲಿ ಹೊಟ್ಟೆಯದು 126 ಅಥವಾ ಎರಡು ಗಂಟೆಯದು 200 ಮುಟ್ಟಿದ್ದರೆ ಇನ್ನೊಮ್ಮೆ ಖಚಿತಪಡಿಸಿಕೊಂಡು ಚಿಕಿತ್ಸೆ ಆರಂಭಿಸಬೇಕು. ಎರಡನೆಯ ಗರ್ಭಕ್ಕೆ ಪ್ರಯತ್ನಿಸುವ ಮುನ್ನ ಮತ್ತೊಮ್ಮೆ ಪರೀಕ್ಷೆ ಆಗಲೇಬೇಕು. ಮೊದಲೇ ಇರುವ ಮಧುಮೇಹ ಗೊತ್ತಾಗದೆ ಗರ್ಭ ನಿಂತರೆ, ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಮೊದಲ ವಾರಗಳಲ್ಲಿಯೇ ಹಾನಿಯಾಗಬಹುದು.


ಪ್ರತಿಕ್ರಿಯೆ (ತುಂಗೆಯ ದಡ)

ಎಲ್ಲರಿಗೂ ಧನ್ಯವಾದಗಳು. ಕ್ಯಾಪ್ಸೂಲ್ ಸದ್ಯಕ್ಕೆ ಕೊಳ್ಳುವುದಿಲ್ಲ. ನಾದಿನಿಗೂ ಈ ಉತ್ತರಗಳನ್ನು ಕಳುಹಿಸಿದ್ದೇನೆ, ಆಕೆಗೂ ಹೆರಿಗೆಯ ನಂತರ ಪರೀಕ್ಷೆಯಾಗಿಲ್ಲವಂತೆ. ಇಬ್ಬರೂ ಒಟ್ಟಿಗೆ ಹೋಗೋಣವೆಂದು ಮಾತಾಡಿಕೊಂಡಿದ್ದೇವೆ. ಒಂದು ಸಣ್ಣ ಸಂದೇಹ: ರಾತ್ರಿಯಿಡೀ ಉಪವಾಸ, ಮೇಲೆ ಎರಡು ಗಂಟೆ ಕಾಯುವುದು ಎಂದರೆ ಮಗುವಿಗೆ ನಡುವೆ ಹಾಲು ಕೊಡಬಹುದೇ? ಆಕೆ ತೆಗೆದುಕೊಳ್ಳುತ್ತಿರುವ ಪ್ರೊಬಯಾಟಿಕ್‌ನ್ನು ಪರೀಕ್ಷೆಗೆ ಮುಂಚೆ ನಿಲ್ಲಿಸಬೇಕೇ?


ಉತ್ತರ (ಮೈಸೂರು ಫಿಸಿಷಿಯನ್)

ಮಗುವಿಗೆ ಹಾಲು ಕೊಡಬಹುದು, ಅಳಿಸಬೇಡಿ. ಕಾಯುವ ಎರಡು ಗಂಟೆಯ ನಡುವೆ ಹಾಲುಣಿಸಿದರೆ ಸಕ್ಕರೆ ತುಸು ಕಡಿಮೆ ಬರಬಹುದು, ಆದ್ದರಿಂದ ಸಾಧ್ಯವಾದರೆ ಗ್ಲೂಕೋಸ್ ಕುಡಿಯುವ ಸ್ವಲ್ಪ ಮೊದಲು ಕೊಟ್ಟುಬಿಡಿ. ನಡುವೆ ಕೊಡಬೇಕಾಗಿ ಬಂದರೆ ಅದನ್ನು ಪ್ರಯೋಗಾಲಯದವರಿಗೂ ವೈದ್ಯರಿಗೂ ತಿಳಿಸಿ. ಉಪವಾಸದಲ್ಲಿ ನೀರು ಕುಡಿಯಲು ಅಡ್ಡಿಯಿಲ್ಲ. ಹಿಂದಿನ ಮೂರು ದಿನ ಎಂದಿನ ಊಟವನ್ನೇ ಮಾಡಿ. ಫಲಿತಾಂಶ ಚೆನ್ನಾಗಿ ಬರಲೆಂದು ಅನ್ನ ಬಿಟ್ಟರೆ ಲೆಕ್ಕ ತಪ್ಪುತ್ತದೆ. ಪ್ರೊಬಯಾಟಿಕ್ ನಿಲ್ಲಿಸುವ ಅಗತ್ಯವಿಲ್ಲ. ಮೆಟ್‌ಫಾರ್ಮಿನ್ ಅಥವಾ ಸ್ಟಿರಾಯ್ಡ್ ಮಾತ್ರೆ ಏನಾದರೂ ನಡೆಯುತ್ತಿದ್ದರೆ ಮಾತ್ರ ಮೊದಲೇ ಹೇಳಿ. ಜೊತೆಗೆ ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಕರೆದೊಯ್ಯಿರಿ, ಬೆಳಿಗ್ಗೆ ಬೇಗ ಹೋದರೆ ಹತ್ತೂವರೆಯೊಳಗೆ ತಿಂಡಿ ತಿನ್ನಬಹುದು.